ಅರ್ಧ ಹೇಳಿದ ಬಾಯಿ

೧೫ ಡಿಸೆಂಬರ್ ೧೯೭೧, ಬುಧವಾರ

ನಿನ್ನೆ ಬರೆದ ಪುಟವನ್ನು ಇವತ್ತು ಬೆಳಿಗ್ಗೆ ಹರಿದು ಒಲೆಗೆ ಹಾಕಿದೆ. ನಡೆದದ್ದೆಲ್ಲ ಅದರಲ್ಲಿತ್ತು, ಒಂದು ಮಾತು ಬಿಟ್ಟು. ನಾನೊಬ್ಬಳೇ ಓದುವ ಪುಸ್ತಕದಲ್ಲೂ ಅದನ್ನು ಬರೆಯದೆ ದಾಟಿಸಲು ನೋಡಿದ್ದೆ. ಆ ಮಾತು ಪುಣೆ. ಯಾರೂ ಅದನ್ನು ನನ್ನ ಬಾಯಿಂದ ಕೀಳಲಿಲ್ಲ. ನಾನಾಗಿ ಹೇಳಿದೆ.

ಮತ್ತೆ ಮೊದಲಿನಿಂದ ಬರೆಯುತ್ತೇನೆ. ಮಂಗಳವಾರ ಮಧ್ಯಾಹ್ನ ಅಂಚೆಯ ನಬೀಸಾಬ್ ಶಾಲೆಯ ಬೇವಿನ ಮರದ ಕೆಳಗೆ ಸೈಕಲ್ ಹಿಡಿದು ನಿಂತಿದ್ದ. ಬಳಗಾನೂರು ರಸ್ತೆಯಲ್ಲಿ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಅಂಕಮ್ಮ ಎಂಬ ಹೆಂಗಸಿಗೆ ಸೈನ್ಯದಿಂದ ತಾರು ಬಂದಿತ್ತು.

“ಹುಡುಗ ಹೋಗ್ಯಾನ ಅಕ್ಕೋರೆ, ಒಂಬತ್ತನೇ ತಾರೀಖಿಗೆ. ಇಂಗ್ಲೀಷಿನ್ಯಾಗ ಐತಿ. ಆಯಮ್ಮ ಹೆಂಗೂ ಓದ್ಸಾಕ ನಿಮ್ಮ ಹತ್ರನ ಬರ್ತಾಳ. ನೀವ ಬಂದುಬಿಡ್ರಿ. ಬಾಳ ಮಂದಿಗೆ ತಾರ್ ಕೊಟ್ಟೀನಿ, ಇದೊಂದು ಕೊಡಾಕ ಕೈ ಬರವಲ್ದು.”

ಹುಡುಗ ಎಂದರೆ ಏಡುಕೊಂಡಲು. ನನ್ನ ತರಗತಿಯಲ್ಲಿ ಕೂತು ಕಲಿತವನು, ಈಗ ಪಲ್ಟಣದ ಸಿಪಾಯಿ. ಯುದ್ಧ ಶುರುವಾದಾಗಿನಿಂದ ಪೂರ್ವದ ಗಡಿಯಲ್ಲಿದ್ದ. ಅಂಕಮ್ಮನಿಗೆ ಗಂಡನಿಲ್ಲ, ಬೇರೆ ಮಕ್ಕಳಿಲ್ಲ.

ನಾವು ಹೋದಾಗ ಆಕೆ ಭತ್ತದ ಕೊಯ್ಲಿನಿಂದ ಬಂದು ಒಲೆಯ ಮುಂದೆ ಕೂತಿದ್ದಳು. ಅನ್ನ ಕುದಿಯುತ್ತಿತ್ತು. “ಏಮಮ್ಮಾ ಟೀಚರಮ್ಮಾ, ದಾರಿ ತಪ್ಪಿ ಬಂದ್ರಾ?” ಎಂದು ನಕ್ಕಳು. ನನ್ನ ಹಿಂದಿದ್ದ ನಬೀಸಾಬ್‌ನನ್ನು ಕಂಡಾಗ ನಗು ನಿಂತಿತು. ನಬೀಸಾಬ್ ನನಗಷ್ಟೇ ಕೇಳುವಂತೆ, “ಉಣ್ಲಿ ಅಕ್ಕೋರೆ, ಮದ್ಲ ಉಣ್ಲಿ” ಎಂದ.

ಒಲೆಯ ಮೇಲೆ ಗಡಿಗೆ ಇರುವಾಗ ಈ ಸೀಮೆಯಲ್ಲಿ ಯಾರೂ ಸಾವಿನ ಸುದ್ದಿ ಹೇಳುವುದಿಲ್ಲ. ಜಡ್ಡಾಗಿದೆ, ಪೆಟ್ಟಾಗಿದೆ ಎಂದು ಅರ್ಧ ಹೇಳಿ, ಮನೆಯವರು ಎರಡು ತುತ್ತು ಉಂಡ ಮೇಲೆ ಉಳಿದರ್ಧ ಹೇಳುತ್ತಾರೆ. ಅರ್ಧ ಹೇಳಿದ ಬಾಯೇ ಪೂರ್ತಿ ಹೇಳಬೇಕು, ನಡುವೆ ಬೇರೆಯವರು ಬಾಯಿ ಹಾಕಬಾರದು. ಹೈದರಾಬಾದಿನ ಕಾನ್ವೆಂಟಿನಲ್ಲಿ ಓದಿ ಬಂದ ನಾನು ಈ ಪದ್ಧತಿಯನ್ನು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಆಡಿಕೊಂಡಿದ್ದೇನೆ. ನಿನ್ನೆ ಅದು ಕಣ್ಣಿಗೆ ಬಿದ್ದದ್ದೇ ತಡ, ಅದರ ಹಿಂದೆ ಹೋಗಿ ಅಡಗಿಕೊಂಡೆ.

“ಪೆಟ್ಟಾಗಿದೆ” ಎಂದೆ.

“ಪ್ರಾಣಕ್ಕ?”

“ಇಲ್ಲ.”

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನನ್ನ ಬಾಯಿ, “ಪುಣೆಯ ಮಿಲಿಟರಿ ಆಸ್ಪತ್ರೆಯಲ್ಲಿ ಇದ್ದಾನೆ, ಒಳ್ಳೆಯ ಡಾಕ್ಟರುಗಳಿದ್ದಾರೆ” ಎಂದಿತು.

ಆಕೆ ಮೊದಲು ಅತ್ತಳು, ಆಮೇಲೆ ನಕ್ಕಳು. ಗಾಯವಾಯಿತೆಂದರೆ ಯುದ್ಧದಿಂದ ಹೊರಗೆ ಬಂದಂತಲ್ಲವೇ ಎಂದಳು. ಹೊಟ್ಟೆ ತುಂಬ ಉಂಡಳು, ನಮಗೂ ಬಡಿಸಿದಳು. ಕೈ ತೊಳೆದಳು. ಹೇಳಬೇಕಾದ ಗಳಿಗೆ ಅದು. ಅಷ್ಟರಲ್ಲಿ ಕೊಯ್ಲಿನ ಹೆಂಗಸರು ಬಂದರು, ಆಕೆ ಅವರಿಗೆಲ್ಲ ಪುಣೆ ಪುಣೆ ಎಂದು ಹೇಳತೊಡಗಿದಳು. ನಾನು ಎದ್ದೆ. ಆಸ್ಪತ್ರೆಗೆ ಬರೆಯಲು ಬೇಕಾಗುತ್ತದೆ ಎಂದು ಹೇಳಿ ತಾರನ್ನೂ ತೆಗೆದುಕೊಂಡು ಬಂದೆ.

ಕ್ಯಾಂಪಿನವರು ಸತ್ತವರಿಗೆ ಹನ್ನೊಂದನೆಯ ದಿನ ನೀರು ಬಿಟ್ಟು ಅನ್ನ ಇಡುತ್ತಾರೆ. ತೀರಿಕೊಂಡ ದಿನದಿಂದ ಲೆಕ್ಕ. ಎಂದರೆ ಬರುವ ಭಾನುವಾರ. ಅದರೊಳಗೆ ಹೇಳಬೇಕು. ನಾಳೆಯೇ ಹೇಳುತ್ತೇನೆ.

೧೬ ಡಿಸೆಂಬರ್, ಗುರುವಾರ

ಯುದ್ಧ ಮುಗಿಯಿತಂತೆ. ಸಂಜೆ ರೇಡಿಯೊ ಹೇಳಿತು. ಬೀದಿಯಲ್ಲಿ ಪಟಾಕಿ.

ಇವತ್ತು ಹೋಗಲಿಲ್ಲ. ಉತ್ತರಪತ್ರಿಕೆಗಳಿದ್ದವು. ನಿಜಕ್ಕೂ ಇದ್ದವು.

ಮನೆಗೆಲಸದ ಗ್ಯಾನಮ್ಮನಿಗೆ ಎಲ್ಲ ಹೇಳಿದೆ. ಯಾರಾದರೂ ನನ್ನ ಪರವಾಗಿ ಮಾತಾಡಲಿ ಎಂದಿರಬೇಕು. ಅವಳು ಮಾತಾಡಿದಳು.

“ಒಲಿ ಮ್ಯಾಗ ಗಡಿಗಿ ಇದ್ರ ಯಾರ್ ಹೇಳ್ತಾರ್ರೀ? ನೀವು ಮಾಡಿದ್ದು ಬರೋಬರಿ. ನಮ್ಮತ್ತಿ ಸತ್ತಾಗ ನಮ್ಮ ಮಾವಗ ಬರೇ ಜ್ವರ ಅಂತ ಹೇಳಿದ್ವಿ. ಆ ಮುದುಕ ಖುಷಿಲೆ ಎರಡು ರೊಟ್ಟಿ ಹೆಚ್ಚಿಗೆ ಉಂಡ.” ಪಾತ್ರೆ ತಿಕ್ಕುತ್ತಲೇ, “ಆದ್ರ ಅಕ್ಕೋರೆ, ಗಡಿಗಿ ಇಳಿದು ಎರಡು ದಿನ ಆತಲ್ಲ?” ಎಂದಳು.

೧೭ ಡಿಸೆಂಬರ್, ಶುಕ್ರವಾರ

ಸಿಂಧನೂರಿನಲ್ಲಿ ವಿಜಯದ ಮೆರವಣಿಗೆ. ಶಾಲೆಯ ಮಕ್ಕಳನ್ನೆಲ್ಲ ಸಾಲು ಹಿಡಿಸಿ ಕರೆದುಕೊಂಡು ಹೋದೆವು. ಮುಂದೆ ಒಂದು ಟ್ರ್ಯಾಕ್ಟರ್, ಅದರ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಅಂಕಮ್ಮ.

ಕುರ್ಚಿ ಹಾಕಿಸಿದವನು ಗಿರಣಿಯ ಪಂಪಣ್ಣ. ಆಂಧ್ರದವರು ಬಂದು ನಮ್ಮ ನೀರು ಕುಡಿದರು, ನಮ್ಮ ಹೊಲ ನುಂಗಿದರು ಎಂದು ಪ್ರತಿ ಸಭೆಯಲ್ಲೂ ಕೂಗುವವನು ಇವನೇ. ಇವತ್ತು ಮಾಲೆ ಹಾಕಿ, “ನಮ್ಮ ಸಿಂಧನೂರಿನ ಹುಲಿ ಹಡದ ತಾಯಿ ಈಕಿ!” ಎಂದ.

ಆಕೆ ಮೇಲಿನಿಂದಲೇ, “ಹ್ವಾದ ವರ್ಷ ಕ್ಯಾಂಪಿನ ನಾಯಿ ಅಂದಿದ್ರಲ್ಲ ಪಂಪಣ್ಣಾ, ಯಾವಾಗ ಹುಲಿ ಆತು?” ಎಂದಳು. ಜನ ಹೊಟ್ಟೆ ಹಿಡಿದು ನಕ್ಕರು. ಪಂಪಣ್ಣನೂ ನಗಬೇಕಾಯಿತು.

ನನ್ನನ್ನು ಕಂಡು ಕೈಯೆತ್ತಿ ಕರೆದಳು. ಮಕ್ಕಳ ಸಾಲು ಸರಿಪಡಿಸುವವಳಂತೆ ಬಗ್ಗಿದೆ.

ಗುಂಪಿನಲ್ಲಿ ನಬೀಸಾಬ್ ಸಿಕ್ಕ. ಕ್ಯಾಂಪಿನ ಒಳಗೆ ಹೋಗುವುದನ್ನು ಬಿಟ್ಟು ಕಾಲುವೆಯ ಏರಿಯ ಮೇಲೆ ಸುತ್ತಿ ಬರುತ್ತಿದ್ದಾನಂತೆ. “ಕಂಡ್ರ ಸಾಕು, ಪುಣೆಯಿಂದ ಕಾಗದ ಬಂತಾ ನಬೀಸಾಬಣ್ಣಾ ಅಂತಾಳ. ನಾ ಮುಸಲ್ಮಾನ ಅಕ್ಕೋರೆ, ದಿನಾ ಐದು ಸಲ ತಲಿ ಬಾಗ್ಸಾಂವ. ಎಷ್ಟು ದಿನ ಸುಮ್ನಿರ್ಲಿ?”

“ನಾಳೆ” ಎಂದೆ.

ಇಷ್ಟು ಗೌರವ ಆಕೆಗೆ ಈ ಊರಲ್ಲಿ ಇದೇ ಮೊದಲು, ಒಂದು ದಿನವಾದರೂ ಅನುಭವಿಸಲಿ ಎಂದು ನಾನು ಸುಮ್ಮನಿದ್ದೇನೆಯೇ? ಈ ಕಾರಣ ಬರೆಯಲು ಚೆನ್ನಾಗಿದೆ. ನಿನ್ನೆ ನನಗೆ ಇದು ಹೊಳೆದಿರಲಿಲ್ಲ ಎಂಬುದನ್ನೂ ಬರೆಯಬೇಕು.

೧೮ ಡಿಸೆಂಬರ್, ಶನಿವಾರ

ಅಂಕಮ್ಮನೇ ಬಂದಳು. ನಾನು ಹೋಗಬೇಕಿತ್ತು, ಅವಳು ಬಂದಳು. ಕುರ್ಚಿ ತೋರಿಸಿದರೂ ನೆಲದ ಮೇಲೆ ಕೂತಳು. ಮಗನ ಗಾಯ ಎಲ್ಲಿ ಎಂದು ಕೇಳಿದಳು. ಕಾಲಿಗೆ ಎಂದೆ. ಬಲವೋ ಎಡವೋ? ಎಡ ಎಂದೆ. ಸುಳ್ಳು ಹೇಳುವುದು ಇಷ್ಟು ಸಲೀಸು ಎಂದು ನನಗೆ ಗೊತ್ತಿರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸವೇ ಸಾಕು.

ನಾಳೆ ಮಸ್ಕಿಯ ಮಲ್ಲಯ್ಯನ ಗುಡ್ಡಕ್ಕೆ ಹರಕೆ ಹೊರಲು ಹೋಗುತ್ತಾಳಂತೆ, ನಾನೂ ಬರಬೇಕಂತೆ. ಒಪ್ಪಿಕೊಂಡೆ. ಗುಡ್ಡದ ಮೇಲೆ ಜನ ಕಡಿಮೆ. ಅಲ್ಲಿ ಹೇಳಬಹುದು. ಅಲ್ಲಿಂದ ಬಂದು ಸಂಜೆಯೊಳಗೆ ನೀರು ಬಿಡಬಹುದು. ದಿನ ಇನ್ನೂ ತಪ್ಪಿಲ್ಲ.

ಆಕೆ ಹೋದ ಮೇಲೆ ಹುಡುಗನ ನೆನಪು ಬಿಡಲಿಲ್ಲ. ಗುಂಟೂರಿನ ಕಡೆಯಿಂದ ಕಾಲುವೆಯ ನೀರು ಹುಡುಕಿಕೊಂಡು ಬಂದ ಲಾರಿಯಲ್ಲಿ, ಹೊಲ ಕೊಂಡವರ ಎತ್ತುಗಳ ಜೊತೆಗೆ, ಕೂಲಿಯವರ ಮಗನಾಗಿ ಬಂದವನು. ಇಲ್ಲಿಯವರಿಗೆ ಜೋಳ ಹತ್ತಿ ಗೊತ್ತಿತ್ತು, ಭತ್ತದ ನಾಟಿ ಗೊತ್ತಿರಲಿಲ್ಲ. ನಾಟಿ ಕಲಿಸಿದ್ದು ಇವನ ತಾಯಿಯಂಥವರು. ಎರಡನೆಯ ಮಳೆಗಾಲದಲ್ಲೇ ಅಪ್ಪ ಹಾವು ಕಚ್ಚಿ ಸತ್ತ. ಶಾಲೆಯಲ್ಲಿ ಹುಡುಗರು ಇವನ ತೆಲುಗು ಹೆಸರನ್ನು ಕನ್ನಡಕ್ಕೆ ತಿರುಗಿಸಿ “ಏಳುಗುಡ್ಡ” ಎಂದು ಕರೆಯುತ್ತಿದ್ದರು. ಇವನು ಸಿಟ್ಟಾಗುತ್ತಿರಲಿಲ್ಲ. “ನಿಮ್ಮೂರಾಗ ಒಂದೂ ಗುಡ್ಡ ಇಲ್ಲಲ್ಲೋ, ಅದಕ್ಕ ಏಳು ತಂದೀನಿ” ಎನ್ನುತ್ತಿದ್ದ.

ಸೈನ್ಯಕ್ಕೆ ಸೇರುವ ಮೊದಲು ನನಗೆ ಹೇಳಲು ಬಂದಿದ್ದ. ಯಾಕೋ ಎಂದೆ. “ಅಲ್ಲಿ ಎಲ್ಲಾರೂ ಬ್ಯಾರೆ ಬ್ಯಾರೆ ಊರಿನವರೇ ಟೀಚರ್. ಎಲ್ಲಾರೂ ಕ್ಯಾಂಪಿನ್ಯಾಗ ಇರತಾರ. ಅಲ್ಲಿ ಯಾರೂ ನನ್ನ ಕ್ಯಾಂಪಿನವ ಅನ್ನಂಗಿಲ್ಲ.” ರಜೆಗೆ ಬಂದಾಗ ಖಾಕಿ ಪ್ಯಾಂಟು ಮಡಚಿ ತಾಯಿಯ ಜೊತೆ ಕೆಸರಿಗಿಳಿದು ನಾಟಿ ಹಾಕಿದ್ದನಂತೆ. ಆಗ ಅವರ ಮನೆಗೆ ನಾನು ಹೋಗಲಿಲ್ಲ. ತಾರು ಬರುವವರೆಗೂ ಹೋಗಿರಲಿಲ್ಲ.

೧೯ ಡಿಸೆಂಬರ್, ಭಾನುವಾರ

ಹೇಳಲಿಲ್ಲ.

ಬಸ್ಸಿನಲ್ಲಿ ಹೇಳುವಂತಿರಲಿಲ್ಲ, ಪಕ್ಕದಲ್ಲಿ ಜನ. ಗುಡ್ಡ ಹತ್ತುವಾಗ ಅವಳೇ ಮಾತಾಡುತ್ತಿದ್ದಳು. ಸೆರಗಿನಲ್ಲಿ ಬೆಲ್ಲ, ಕೈಯಲ್ಲಿ ಕಾಯಿ. ಗುಡಿಯ ಮುಂದೆ ನಿಂತು ನನ್ನನ್ನು ಮುಂದಕ್ಕೆ ತಳ್ಳಿದಳು.

“ಹರಕಿ ನೀವು ಹೇಳ್ರಿ ಟೀಚರಮ್ಮಾ. ಶ್ರೀಶೈಲಂ ಮಲ್ಲಯ್ಯಗ ತೆಲುಗು ಬರ್ತದ. ಈ ಮಲ್ಲಯ್ಯ ಈ ಊರಾಂವ. ಇಷ್ಟು ವರ್ಷ ಅವನ ಸೀಮ್ಯಾಗ ಅನ್ನ ತಿಂದು ಒಂದ್ಸಲನೂ ಮ್ಯಾಲ ಬಂದಿಲ್ಲ ನಾ. ಈಗ ಬಂದು ಅಡ್ಡಾದಿಡ್ಡಿ ಮಾತಾಡಿದ್ರ ಸಿಟ್ಟಿಗೇಳ್ತಾನ. ಒಳ್ಳೇ ಕನ್ನಡದಾಗ ಹೇಳ್ರಿ, ನೀವು ಓದ್ಕಂಡವ್ರು.”

ಪೂಜಾರಿ ನಕ್ಕು, “ಹೇಳ್ರಿ ಅಕ್ಕೋರೆ, ದೇವ್ರು ಕೇಳಾಕತ್ತಾನ” ಎಂದ.

ಹೇಳಿದೆ. “ಮಲ್ಲಯ್ಯಾ, ಅಂಕಮ್ಮನ ಮಗ ಏಡುಕೊಂಡಲು ವಾಸಿಯಾಗಿ ಮನೆಗೆ ನಡೆದು ಬಂದರೆ, ತಾಯಿ ಮಗ ಇಬ್ಬರೂ ಬಂದು ನಿನ್ನ ಮೆಟ್ಟಿಲು ತೊಳೆಯುತ್ತಾರೆ.” ಸ್ಪಷ್ಟವಾಗಿ, ನಿಲ್ಲಿಸಿ ನಿಲ್ಲಿಸಿ, ಪ್ರಾರ್ಥನೆಯ ಸಮಯದಲ್ಲಿ ಮಕ್ಕಳಿಗೆ ಹೇಳಿಕೊಡುವಂತೆ ಹೇಳಿದೆ. ಪಕ್ಕದಲ್ಲಿ ಅವಳು ಕಣ್ಣು ಮುಚ್ಚಿ ಒಂದೊಂದು ಮಾತಿಗೂ ತಲೆಯಾಡಿಸಿದಳು.

ಆಮೇಲೆ ಮೆಟ್ಟಿಲ ಮೇಲೆ ಕಂಡವರಿಗೆಲ್ಲ ಬೆಲ್ಲ ಹಂಚಿದಳು. ನನ್ನ ಕೈಗೂ ಹಾಕಿದಳು. ತಿಂದೆ.

ಇಳಿಯುವಾಗ ಹೊಸ ಸುದ್ದಿ. ಲಿಂಗಸುಗೂರಿನ ಕಡೆ ನೆಲೆಸಿರುವ ಅವರ ನೆಂಟ ಮಾಲಕೊಂಡಯ್ಯನಿಗೆ ಮಗಳಿದ್ದಾಳೆ. ಮಗನಿಗೆ ಸಂಬಂಧ ಕೇಳಿ ಅಂಕಮ್ಮ ಹೇಳಿ ಕಳಿಸಿದ್ದಾಳೆ. “ಕಾಲು ಸೊಟ್ಟ ಆದ್ರ ಗದ್ದಿ ಕೆಲಸ ಬ್ಯಾಡ. ಮಸ್ಕಿ ಬಸ್ ನಿಲ್ಲೋ ಕಡೆ ಚಾ ಅಂಗಡಿ ಇಟ್ಟು ಕೂಡ್ರಿಸ್ತೀನಿ. ಏಮಂಟಾರು, ಏನಂತೀರಿ?” ಎಂದಳು.

ಒಳ್ಳೆಯದು ಎಂದೆ.

ಕತ್ತಲಾಗಿದೆ. ದಿನ ಹೋಯಿತು.

೨೧ ಡಿಸೆಂಬರ್, ಮಂಗಳವಾರ

ಶಾಲೆ ಬಿಡುವ ಹೊತ್ತಿಗೆ ಮಾಲಕೊಂಡಯ್ಯ ಬಂದ. ವಯಸ್ಸಾದ ಮನುಷ್ಯ, ಹೆಗಲ ಮೇಲೆ ಮಡಿಸಿದ ವಲ್ಲಿ. ಲಿಂಗಸುಗೂರಿನಿಂದ ಇದಕ್ಕೆಂದೇ ಬಸ್ಸು ಹತ್ತಿ ಬಂದಿದ್ದ.

“ಹೆಣ್ಣು ಕೊಡೋ ತಂದಿ ನಾನು. ಕಾಗದ ಓದಿದೋರು ನೀವೊಬ್ಬರೇ. ಕಾಲು ಐತಾ, ಇಲ್ಲಾ? ಅಷ್ಟು ಹೇಳ್ರಿ ಸಾಕು, ಇನ್ನೇನೂ ಕೇಳಂಗಿಲ್ಲ.”

ಇದೆ ಎನ್ನಲು ಆಗಲಿಲ್ಲ. ಇನ್ನೊಬ್ಬರ ಮಗಳು ಅವಳು. ಆಗಿದ್ದನ್ನು ಹೇಳೋಣವೆಂದರೆ ತಾಯಿಗೆ ಹೇಳದೆ ಇವನಿಗೆ ಹೇಗೆ ಹೇಳಲಿ? ಸುಮ್ಮನೆ ನಿಂತೆ. ಆತ ನನ್ನ ಮುಖ ನೋಡಿದ.

“ಅರ್ಥ ಆತು ತಲ್ಲೀ” ಎಂದು ಕೈಮುಗಿದು ಹೊರಟುಹೋದ.

ಅವನಿಗೆ ಅರ್ಥವಾದದ್ದು ಏನು ಎಂದು ನನಗೆ ಗೊತ್ತಿತ್ತು. ಹಿಂದೆ ಓಡಲಿಲ್ಲ.

೨೨ ಡಿಸೆಂಬರ್, ಬುಧವಾರ

ಬೆಳಿಗ್ಗೆ ಅಂಕಮ್ಮ ಬಂದಳು. ಬಾಗಿಲು ಬಡಿಯಲಿಲ್ಲ, ನೇರ ಒಳಗೇ ಬಂದಳು.

“ನನ್ನ ಕೊಡುಕು, ನನ್ನ ಮಗನ ಕಾಲು ಹೋದದ್ದು ಲಿಂಗಸುಗೂರಿನವನಿಗೆ ಗೊತ್ತು. ಹೆತ್ತವಳಿಗೆ ಗೊತ್ತಿಲ್ಲ. ಹೆಣ್ಣು ಕೊಡಲ್ಲ ಅಂತ ಹೇಳಿ ಹೋದ. ಇದೇನಾ ನೀವು ಓದ್ಕಂಡಿದ್ದು?”

ಗ್ಯಾನಮ್ಮ ಕಸಬರಿಗೆ ಅಲ್ಲೇ ಇಟ್ಟು ಹಿತ್ತಲಿಗೆ ಹೋದಳು.

“ಕಾಲು ಹೋದ್ರ ಹೋಗ್ಲಿ. ಎರಡೂ ಹೋಗ್ಲಿ ಟೀಚರಮ್ಮಾ. ಹೆಣ್ಣು ಬ್ಯಾಡ, ಅಂಗಡಿ ಬ್ಯಾಡ. ಸಣ್ಣಾಂವ ಇದ್ದಾಗ ಬೆನ್ನಿಗೆ ಕಟ್ಕಂಡ ನಾಟಿ ಹಾಕೀನಿ, ಈಗೂ ಕಟ್ಕಂತೀನಿ. ನನಗ ಹೇಳಾಕ ಏನಾಗಿತ್ತು ನಿಮಗ?”

“ಏಡುಕೊಂಡಲು ಇಲ್ಲ ಅಂಕಮ್ಮ” ಎಂದೆ.

“ಪುಣೆದಾಗ ಇಲ್ಲೇನು? ಬ್ಯಾರೆ ಕಡಿ ಕಳಿಸ್ಯಾರಾ?”

“ಪುಣೆ ಇಲ್ಲ. ಆಸ್ಪತ್ರೆ ಇಲ್ಲ. ಎಲ್ಲ ನಾನು ಹೇಳಿದ್ದು. ಅವನು ಯುದ್ಧದಲ್ಲಿ ತೀರಿಕೊಂಡ. ತಾರಿನಲ್ಲಿ ಇದ್ದದ್ದು ಅದೇ.”

ಅವಳು ಗೋಡೆಗೆ ಕೈ ಕೊಟ್ಟು ನಿಧಾನವಾಗಿ ಕೂತಳು. ಕಿರುಚಲಿಲ್ಲ. ಕಿರುಚಿದ್ದರೆ ನನಗೆ ಏನಾದರೂ ಮಾಡಲು ಇರುತ್ತಿತ್ತು. ನೀರು ತಂದೆ, ಮುಟ್ಟಲಿಲ್ಲ.

“ಯಾವತ್ತು?”

“ಒಂಬತ್ತಕ್ಕೆ.”

ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತ ಹೋಗಿ ಒಂದು ಕಡೆ ನಿಲ್ಲಿಸಿದಳು.

“ಭಾನುವಾರ” ಎಂದಳು. “ಭಾನುವಾರ ನಾ ಬೆಲ್ಲ ಹಂಚಿದೆ.”

ಎದ್ದಳು. ಜೊತೆಗೆ ಬರುತ್ತೇನೆ ಎಂದೆ, ಬೇಡ ಎಂದು ಕೈಯಾಡಿಸಿದಳು. ಹೊಸ್ತಿಲಲ್ಲಿ ತಿರುಗಿ, “ನೀವೂ ತಿಂದ್ರಿ” ಎಂದು ಹೇಳಿ ಹೋದಳು.

೨೩ ಡಿಸೆಂಬರ್, ಗುರುವಾರ

ಏನೂ ಬರೆಯಲಾರೆ.

೨೬ ಡಿಸೆಂಬರ್, ಭಾನುವಾರ

ಶಾಲೆಗೆ ರಜೆ. ಕ್ಯಾಂಪಿಗೆ ಹೋದೆ. ಯಾರೂ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅಂಗಳದ ಕಲ್ಲಿನ ಮೇಲೆ ಕೂತೆ.

ಕ್ಯಾಂಪಿನ ಹಿರಿಯರು ಅಂಕಮ್ಮನಿಗೆ ಸಮಾಧಾನ ಹೇಳುತ್ತಿದ್ದರು. ದೂರದ ಸಾವಿಗೆ ಸುದ್ದಿ ಕೇಳಿದ ದಿನದಿಂದ ಲೆಕ್ಕ ಹಿಡಿಯಬಹುದು, ಜನವರಿ ಒಂದಕ್ಕೆ ಮಾಡಿದರಾಯಿತು, ದೋಷವಿಲ್ಲ ಎಂದರು.

“ಮಾಡ್ತೀನಿ” ಎಂದಳು ಅಂಕಮ್ಮ. “ಆದ್ರ ಹೋದ ದಿನ ಅವಂದು. ಈ ಬುಧವಾರ ಟೀಚರಮ್ಮ ಕೊಟ್ಟಿದ್ದು.”

ನನ್ನ ಕಡೆ ನೋಡಿ ಹೇಳಲಿಲ್ಲ. ನಾನು ಅಲ್ಲಿರುವುದು ಅವಳಿಗೆ ಗೊತ್ತಿತ್ತು.

ಹೆಂಗಸರು ಭತ್ತ ಕುಟ್ಟುತ್ತಿದ್ದರು. ಒನಕೆ ಖಾಲಿ ಇದ್ದಾಗ ಹಿಡಿದೆ. ಒಬ್ಬಳು ಬಂದು ನನ್ನ ಕೈ ಸರಿಪಡಿಸಿ ಹೋದಳು. ಸಂಜೆಯವರೆಗೆ ಕುಟ್ಟಿದೆ. ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ಲೇಖನಿ ಹಿಡಿಯಲು ಕಷ್ಟ.

೧ ಜನವರಿ ೧೯೭೨, ಶನಿವಾರ

ಕಾಲುವೆಯ ಸೋಪಾನದಲ್ಲಿ ನೀರು ಬಿಟ್ಟರು. ದಾಯಾದಿಗಳಿಲ್ಲದ್ದರಿಂದ ಮಾಲಕೊಂಡಯ್ಯನೇ ಕರ್ಮ ಮಾಡಲು ನಿಂತ. ಪಂಪಣ್ಣ ಬಂದು ಹಿಂದೆ ನಿಂತಿದ್ದ. ನಬೀಸಾಬ್ ದೂರದಲ್ಲಿ ಸೈಕಲ್ಲಿಗೆ ಒರಗಿ ನಿಂತಿದ್ದ.

ಊಟಕ್ಕೆ ಕೂರುವ ಮೊದಲು ಅಂಕಮ್ಮ ನನ್ನನ್ನು ಕರೆದು ಎಲ್ಲರ ಮುಂದೆ ನಿಲ್ಲಿಸಿದಳು. “ಅರ್ಧ ಹೇಳಿದ ಬಾಯೇ ಪೂರಾ ಹೇಳಬೇಕು ಅನ್ನೋದು ನಿಮ್ಮ ಕನ್ನಡದೋರ ಪದ್ಧತಿ. ನನಗ ಹೇಳಿದ್ರಿ. ಇವ್ರಿಗೂ ಹೇಳ್ರಿ.”

ಹೇಳಿದೆ. ಕಾಲು, ಪುಣೆ, ಮಸ್ಕಿ ಎಲ್ಲ. ಹಿಂದೆ ಕೂತವರು “ಕೇಳ್ಸವಲ್ದು” ಎಂದರು. ಮತ್ತೆ ಹೇಳಿದೆ.

ನನಗೂ ಎಲೆ ಹಾಕಿದರು. ಬಡಿಸಿದವಳು ಅಂಕಮ್ಮ ಅಲ್ಲ.

೨ ಜನವರಿ, ಭಾನುವಾರ

ಮಧ್ಯಾಹ್ನ ಅಂಕಮ್ಮ ಬಂದಳು. ನೆಲದ ಮೇಲೆ ಕೂತಳು, ನಾನೂ ಕೂತೆ. ಪಲ್ಟಣಕ್ಕೆ ಇಂಗ್ಲಿಷಿನಲ್ಲಿ ಕಾಗದ ಬರೆಯಬೇಕಂತೆ. ಇದನ್ನು ನಾನೇ ಬರೆಯಬೇಕಂತೆ. ಬೇರೆ ಯಾರಿಗೂ ಇಂಗ್ಲಿಷ್ ಬರುವುದಿಲ್ಲ ಎಂದಲ್ಲ.

ಅವಳು ಹೇಳಿದಳು, ನಾನು ಬರೆದೆ. ಕಡೆಯ ಗಳಿಗೆಯಲ್ಲಿ ನನ್ನ ಮಗನ ಹತ್ತಿರ ಯಾರಿದ್ದರು? ಬಾಯಿಗೆ ನೀರು ಹಾಕಿದವರು ಯಾರು? ಅವರು ಯಾವ ಊರಿನವರು? 'ಅಮ್ಮ' ಎಂದನೇ? ಬೆಂಕಿ ಇಟ್ಟವರು ಯಾರು? ಅವರ ತಾಯಿಗೆ ನನ್ನ ನಮಸ್ಕಾರ ಹೇಳಿ.

ಆಮೇಲೆ ಹನ್ನೊಂದನೆಯ ದಿನದ ವಿಷಯ. ‘ಸುದ್ದಿ ಮನೆಗೆ ತಡವಾಗಿ ತಲುಪಿದ್ದರಿಂದ ಕರ್ಮ ನಿನ್ನೆ ನಡೆಯಿತು’ ಎಂಬ ಅರ್ಥದ ಒಂದು ಅಚ್ಚುಕಟ್ಟಾದ ವಾಕ್ಯ ಬರೆದೆ. ಓದಿ ಹೇಳ್ರಿ ಎಂದಳು. ಹೇಳಿದೆ.

“ತಡ ಯಾರು ಮಾಡಿದ್ದು? ಅದು ಬರೀಲಿಲ್ಲ ನೀವು.”

“ಅವರಿಗೆ ಅದರ ಅಗತ್ಯ ಇಲ್ಲ...”

“ನನಗ ಐತಿ. ಅವನ ಜೋಡಿ ಇದ್ದ ಹುಡುಗರು ಓದ್ತಾರ. ಇವನ ತಾಯಿ ಎಂಥಾಕಿ, ದಿನ ಬಂದ್ರೂ ಒಂದು ಹನಿ ನೀರು ಬಿಡಲಿಲ್ಲ ಅನ್ಕೋಬಾರದು. ನಾ ಮರ್ತಿಲ್ಲ ಅಂತ ಅವ್ರಿಗೆ ಗೊತ್ತಾಗ್ಬೇಕು.”

ಹಾಳೆ ಬದಲಿಸಿದೆ. ತಾರು ಓದಿದವಳು ನಾನು, ಆಸ್ಪತ್ರೆ ಎಂದವಳು ನಾನು, ಎಂಟು ದಿನ ತಾಯಿಯಿಂದ ಮುಚ್ಚಿಟ್ಟವಳು ನಾನು ಎಂದು ಬರೆದು ಕೆಳಗೆ ನನ್ನ ಹೆಸರು, ಶಾಲೆಯ ವಿಳಾಸ ಹಾಕಿದೆ. ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಹೇಳಿಸಿಕೊಂಡಳು. ಎರಡು ಕಡೆ ತಡೆದು ಮತ್ತೆ ಕೇಳಿದಳು. ಆಮೇಲೆ ಹೆಬ್ಬೆಟ್ಟು ಒತ್ತಿದಳು.

“ಯಾವಾಗ ಹಾಕ್ತೀರಿ?”

“ಇವತ್ತು ಅಂಚೆ ಮುಚ್ಚಿದೆ. ನಾಳೆ.”

ಸೆರಗು ಸರಿಮಾಡಿಕೊಂಡು ಏಳುತ್ತಿದ್ದವಳು ಮತ್ತೆ ಕೂತಳು.

“ನಾಳೆ ಅನಬ್ಯಾಡ್ರಿ. ನಿಮ್ಮ ನಾಳೆ ನಾ ನೋಡೀನಿ. ತಾರೀಖು ಹೇಳ್ರಿ. ಹೇಳಿ, ಆ ನಿಮ್ಮ ಪುಸ್ತಕದಾಗ ಬರೀರಿ, ನಾ ನೋಡ್ತೀನಿ.”

ಅವಳಿಗೆ ಓದಲು ಬರುವುದಿಲ್ಲ. ಆದರೂ ಪಕ್ಕದಲ್ಲಿ ಕೂತು ನೋಡುತ್ತಿದ್ದಾಳೆ. ಬರೆಯುತ್ತಿದ್ದೇನೆ.

ಅಂಚೆಗೆ ಹಾಕುವುದು: ೩ ಜನವರಿ ೧೯೭೨.